ಜ್ಞಾನತಂದೆ ಮತ್ತು ಸೋದರಮಾವ: ಕನ್ನಡ ನಾಡಿನ ಕಥೋಲಿಕ ಬದುಕಿನಲ್ಲಿ ನೀರಿನ ನಂಟು

ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಆಡಳಿತದಿಂದ ಮಹಾರಾಷ್ಟ್ರದ್ದು. ಆದರೆ ಬಿಳೂರ, ಉಮದಿ, ಸಂಖ, ಗುಡ್ಡಾಪುರಗಳಂಥ ಊರುಗಳಲ್ಲಿ ಕನ್ನಡವೇ ಮನೆಮಾತು. ಈ ಸೀಮೆಯಲ್ಲಿ ಮಗು ಹುಟ್ಟಿದ ಮೇಲೆ ನಡೆಯುವ ಕಾರ್ಯಗಳಲ್ಲಿ ಎರಡು ಮುಖ್ಯ. ಮೊದಲನೆಯದು ತೊಟ್ಟಿಲ ಕಾರ್ಯ. ಮರಾಠಿ ನೆರೆಯವರು ಇದನ್ನೇ ಬಾರಸೆ ಎನ್ನುತ್ತಾರೆ. ಅಂದು ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವವಳು ತಂದೆಯ ಅಕ್ಕ ಅಥವಾ ತಂಗಿ, ಅಂದರೆ ಸೋದರತ್ತೆ. ಉಸುರಿದ ತಪ್ಪಿಗೆಂಬಂತೆ ಉಳಿದ ಹೆಂಗಸರು ಆಕೆಯ ಬೆನ್ನಿಗೆ ನಗುನಗುತ್ತ ಗುದ್ದುತ್ತಾರೆ. ಎರಡನೆಯದು ಲಿಂಗಾಯತ ಮನೆಗಳ ಲಿಂಗಧಾರಣೆ. ಜಂಗಮನು ಬಂದು ಹಸುಗೂಸಿಗೆ ಲಿಂಗ ಕಟ್ಟುತ್ತಾನೆ. ದೊಡ್ಡವರಾದ ಮೇಲೆ ದೀಕ್ಷೆ ಬೇರೆ ಉಂಟು. ಸೋದರತ್ತೆಯ ಉಸುರು ಮಗುವನ್ನು ಕುಲಕ್ಕೆ ಸೇರಿಸುತ್ತದೆ, ಜಂಗಮನ ಕೈ ಅದನ್ನು ಗುರುವಿಗೆ ಸೇರಿಸುತ್ತದೆ. ಹೆಸರು ಕೊಡುವವರು ಬೇರೆ, ಧರ್ಮ ಕೊಡುವವರು ಬೇರೆ. ಈ ವಿಂಗಡಣೆ ಎಷ್ಟು ಸಹಜವಾಗಿದೆಯೆಂದರೆ ಅದನ್ನು ಯಾರೂ ವಿಂಗಡಣೆಯೆಂದೇ ಭಾವಿಸುವುದಿಲ್ಲ.

ಕಥೋಲಿಕ ಸಂಪ್ರದಾಯವು ಈ ಎರಡನ್ನೂ ಒಂದೇ ನೀರಿನ ತೊಟ್ಟಿಯ ಬಳಿಗೆ ತರುತ್ತದೆ. ಹೆಸರು, ಮರುಹುಟ್ಟು, ಸಮುದಾಯದ ಪ್ರವೇಶ ಎಲ್ಲವೂ ಒಂದೇ ಗಳಿಗೆಯಲ್ಲಿ ನಡೆಯುತ್ತವೆ. ಅಲ್ಲಿ ತಂದೆ ತಾಯಿಯೂ ಅಲ್ಲದ, ಗುರುವೂ ಅಲ್ಲದ ಮೂರನೆಯ ವ್ಯಕ್ತಿಯೊಬ್ಬ ಮಗುವನ್ನು ಹಿಡಿದು ನಿಲ್ಲುತ್ತಾನೆ. ಅವನೇ ಜ್ಞಾನತಂದೆ, ಹೆಣ್ಣಾದರೆ ಜ್ಞಾನತಾಯಿ. ಈ ಸ್ಥಾನಕ್ಕೆ ಕನ್ನಡ ಸಮಾಜದಲ್ಲಿ ಸಿದ್ಧವಾದ ಜಾಗ ಇರಲಿಲ್ಲ. ನೆಂಟಸ್ತಿಕೆಯ ನಕ್ಷೆಯಲ್ಲಿ ಅವನನ್ನು ಎಲ್ಲಿ ಕೂರಿಸಬೇಕು, ಅವನನ್ನು ಯಾವ ಜಾತಿಯಿಂದ ಆರಿಸಬೇಕು, ಅವನಿಂದ ಯಾವ ಮದುವೆಗಳು ನಿಲ್ಲುತ್ತವೆ ಎಂಬ ಪ್ರಶ್ನೆಗಳು ದೇವಶಾಸ್ತ್ರದ ಗ್ರಂಥಗಳಲ್ಲಿ ಅಡಿಟಿಪ್ಪಣಿಯ ಮಟ್ಟದವು. ಹಟ್ಟಿ ಮನೆಗಳಲ್ಲಿ ಅವೇ ಮುಖ್ಯವಾದವು. ಜ್ಞಾನಸ್ನಾನದ ಅರ್ಥವನ್ನು ಕೇವಲ ಪಾಪವಿಮೋಚನೆಯ ಸಿದ್ಧಾಂತದಿಂದ ತಿಳಿಯಲು ಹೊರಟವರಿಗೆ ಈ ಚರಿತ್ರೆ ಕಾಣುವುದಿಲ್ಲ.

ಮೊದಲು ಪದಗಳನ್ನು ನೋಡಬಹುದು. ಹಳೆಯ ಮೈಸೂರು ಸೀಮೆಯ ಕಥೋಲಿಕರ ಬಾಯಲ್ಲಿ ಉಳಿದು ಬಂದ ಪದ ‘ಜ್ಞಾನಸ್ನಾನ’. ಅದು ತಮಿಳು ಮಿಷನ್ನಿನಿಂದ ಬಂದದ್ದು. ರಾಬರ್ಟೊ ದಿ ನೊಬಿಲಿಯ ಕಾಲದಿಂದ ಮಧುರೆಯಲ್ಲಿ ಬೆಳೆದ ಸಂಸ್ಕೃತಭೂಯಿಷ್ಠ ಪರಿಭಾಷೆಯಲ್ಲಿ ಗುರು, ಪೂಜೆ, ಜ್ಞಾನ ಎಂಬ ಮಾತುಗಳು ಹೊಸ ಕೆಲಸಕ್ಕೆ ನಿಂತವು. ಪ್ರೊಟೆಸ್ಟೆಂಟರು ಬಳಸುವ ಹಳೆಯ ಕನ್ನಡ ಬೈಬಲ್ಲಿನಲ್ಲಿ ‘ದೀಕ್ಷಾಸ್ನಾನ’ ಇದೆ. ಕಥೋಲಿಕರೂ ಬಳಸುವ ಸರಳ ಭಾಷೆಯ ಸತ್ಯವೇದದಲ್ಲಿ ಅದೇ ಪದ ತಲೆಕೆಳಗಾಗಿ ‘ಸ್ನಾನದೀಕ್ಷೆ’ ಆಗಿದೆ. ಯೋಹಾನನು ‘ಸ್ನಾನಿಕ ಯೊವಾನ್ನ’ನಾಗಿದ್ದಾನೆ. ಇದು ಅಲ್ಪ ವ್ಯತ್ಯಾಸವಲ್ಲ. ದೀಕ್ಷಾಸ್ನಾನದಲ್ಲಿ ಪ್ರಧಾನವಾದದ್ದು ಸ್ನಾನ, ದೀಕ್ಷೆ ಅದರ ವಿಶೇಷಣ. ಸ್ನಾನದೀಕ್ಷೆಯಲ್ಲಿ ದೀಕ್ಷೆಯೇ ಪ್ರಧಾನ, ನೀರು ಅದರ ಸಾಧನ. ಲಿಂಗದೀಕ್ಷೆಯನ್ನು ಬಲ್ಲ ಕನ್ನಡಿಗನ ಕಿವಿಗೆ ಎರಡನೆಯ ಪದ ತಟ್ಟನೆ ಗುರುತು ಸಿಗುತ್ತದೆ. ಗಡಿಯಾಚೆಯ ಮರಾಠಿ ಕಥೋಲಿಕರು ಇದೇ ಕ್ರಿಯೆಯನ್ನು ‘ಸ್ನಾನಸಂಸ್ಕಾರ’ ಎನ್ನುತ್ತಾರೆ. ಅಲ್ಲಿ ನೆನಪಾಗುವುದು ಗುರುವಲ್ಲ, ಹದಿನಾರು ಗೃಹ್ಯ ಸಂಸ್ಕಾರಗಳ ಸಾಲು. ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ಸ್ಥಾಪನೆಯಾಯಿತು. ಸಾಂಗಲಿ ಜಿಲ್ಲೆ ಪುಣೆ ಧರ್ಮಪ್ರಾಂತ್ಯಕ್ಕೆ ಸೇರಿದೆ. ಆದ್ದರಿಂದ ಜತ್ತದ ಸೀಮೆಯಲ್ಲಿ ಭಾಷೆಯ ಗಡಿ ಒಂದು ಕಡೆ, ಧರ್ಮಪ್ರಾಂತ್ಯದ ಗಡಿ ಇನ್ನೊಂದು ಕಡೆ ಹಾಯುತ್ತದೆ. ಒಂದೇ ನೀರಿಗೆ ಎರಡು ಕಲ್ಪನೆಗಳು ಇಲ್ಲಿ ಅಕ್ಕಪಕ್ಕದಲ್ಲಿವೆ.

ಜ್ಞಾನತಂದೆಯೆಂಬವನು ಎಲ್ಲಿಂದ ಬಂದ? ಕ್ರೈಸ್ತ ಸಭೆಯ ಮೊದಲ ಶತಮಾನಗಳಲ್ಲಿ ಅವನು ಪ್ರಾಯದ ಮತಾಂತರಿಗೆ ಜಾಮೀನು ನಿಲ್ಲುವ ಸಾಕ್ಷಿ. ಸುಮಾರು 200ರ ಹೊತ್ತಿಗೆ ಬರೆದ ತೆರ್ತುಲಿಯನ್ ಮಕ್ಕಳ ಪರವಾಗಿ ಹೀಗೆ ಜಾಮೀನು ನಿಲ್ಲುವವರನ್ನು ಕಂಡು ಕಳವಳಗೊಂಡಿದ್ದ: ಅವರು ಸತ್ತುಹೋಗಬಹುದು, ಇಲ್ಲವೆ ಮಗು ದಾರಿತಪ್ಪಿ ಬೆಳೆಯಬಹುದು, ಆಗ ಕೊಟ್ಟ ಮಾತಿನ ಗತಿಯೇನು? ಆಗಸ್ಟೀನನ ಕಾಲಕ್ಕೆ ಮಗುವನ್ನು ತರುವವರು ಸಾಮಾನ್ಯವಾಗಿ ತಂದೆ ತಾಯಿಯೇ. ದಾಸಿಯರ ಮಕ್ಕಳನ್ನು ಒಡೆಯರು, ದಿಕ್ಕಿಲ್ಲದೆ ಸಿಕ್ಕ ಕೂಸುಗಳನ್ನು ಕನ್ಯಾವ್ರತದ ಹೆಂಗಸರು ತರುತ್ತಿದ್ದರು. ಹೆತ್ತವರು ಬೇರೆ, ಎತ್ತಿಕೊಳ್ಳುವವರು ಬೇರೆ ಎಂಬುದು ನಂತರದ ಬೆಳವಣಿಗೆ. 813ರಲ್ಲಿ ಮೈನ್ಸ್‌ನಲ್ಲಿ ಸೇರಿದ ಸಭೆ, ಯಾರೂ ತಮ್ಮ ಸ್ವಂತ ಮಗುವನ್ನು ನೀರಿನಿಂದ ಎತ್ತಿಕೊಳ್ಳಕೂಡದೆಂದು ವಿಧಿಸಿತು. ಇದಕ್ಕೂ ಮುಂಚೆ 530ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಜ್ಞಾನತಂದೆಯು ತಾನು ಎತ್ತಿಕೊಂಡ ಹೆಣ್ಣನ್ನು ಮದುವೆಯಾಗಬಾರದೆಂದು ಕಾನೂನು ಮಾಡಿದ್ದ. 692ರ ತ್ರುಲ್ಲೊ ಸಭೆ ಇನ್ನೂ ಮುಂದೆ ಹೋಗಿ, ಆತ್ಮದ ನಂಟು ಮೈಯ ನಂಟಿಗಿಂತ ದೊಡ್ಡದೆಂದು ಸಾರಿ, ಜ್ಞಾನತಂದೆಗೂ ಮಗುವಿನ ವಿಧವೆ ತಾಯಿಗೂ ಮದುವೆಯನ್ನು ನಿಷೇಧಿಸಿತು.

ಹೀಗೆ ನೀರು ನೆತ್ತರಿನ ಹಾಗೆ ವರ್ತಿಸತೊಡಗಿತು. ನಂಟಾದ ಮೇಲೆ ನಂಟಿನ ನಿಷೇಧಗಳೂ ಬೇಕಲ್ಲ. ಮಧ್ಯಯುಗದ ಕೊನೆಯ ವೇಳೆಗೆ ಈ ಜಾಲ ಎಷ್ಟು ವಿಸ್ತಾರವಾಗಿತ್ತೆಂದರೆ ಒಂದೇ ಮಗುವಿಗೆ ಹಲವರು ಜ್ಞಾನತಂದೆಯರು, ಅವರ ಮಕ್ಕಳೆಲ್ಲ ಆ ಮಗುವಿಗೆ ಆತ್ಮಿಕ ಒಡಹುಟ್ಟಿದವರು, ಅವರೊಳಗೆ ಯಾರನ್ನು ಯಾರು ಮದುವೆಯಾಗಬಹುದೆಂದು ಹೇಳಲು ವಕೀಲರೇ ಬೇಕು. 1563ರ ನವೆಂಬರಿನಲ್ಲಿ ಟ್ರೆಂಟ್ ಮಹಾಸಭೆ ಇದನ್ನು ಕತ್ತರಿಸಿತು: ಜಾಮೀನು ಒಬ್ಬರೇ ಇರಬೇಕು, ಹೆಚ್ಚೆಂದರೆ ಒಬ್ಬ ಗಂಡಸು ಒಬ್ಬ ಹೆಂಗಸು. ನಂಟು ಹುಟ್ಟುವುದು ಅವರಿಗೂ ಮಗುವಿಗೂ ಮಗುವಿನ ತಂದೆ ತಾಯಿಗೂ ನಡುವೆ ಮಾತ್ರ. ಸ್ನಾನ ಕೊಟ್ಟವನಿಗೂ ಇದೇ ನಿಯಮ. ವಿಚಾರಣಾಗುರು ಮೊದಲೇ ವಿಚಾರಿಸಿ ಆಯ್ಕೆಯಾದವರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. ಇಂದು ಚರಿತ್ರಕಾರರು ಜನಸಂಖ್ಯೆ, ವಲಸೆ, ಹೆಸರುಗಳ ಅಧ್ಯಯನಕ್ಕೆ ಆಶ್ರಯಿಸುವ ಜ್ಞಾನಸ್ನಾನದ ದಫ್ತರದಲ್ಲಿ ಜ್ಞಾನತಂದೆಯ ಹೆಸರಿಗೊಂದು ಅಂಕಣ ಇರುವುದು ಭಕ್ತಿಯ ಕಾರಣಕ್ಕಲ್ಲ, ಮುಂದೆ ಎದುರಾಗಬಹುದಾದ ಮದುವೆಯ ತಕರಾರಿನ ಕಾರಣಕ್ಕೆ. ಇಟಲಿಯ ದಾಖಲೆಗಳನ್ನು ಓದಿದ ಗ್ವಿದೊ ಆಲ್ಫಾನಿ ಈ ಸುಧಾರಣೆಯ ಇನ್ನೊಂದು ಫಲವನ್ನು ತೋರಿಸಿದ್ದಾರೆ: ಜಾಮೀನು ನಿಲ್ಲುವವರ ಸಂಖ್ಯೆ ಕುಗ್ಗಿದಾಗ ಜನರು ಸರೀಕರನ್ನು ಬಿಟ್ಟು ಬಲಾಢ್ಯರನ್ನು ಆರಿಸತೊಡಗಿದರು.

ಟ್ರೆಂಟಿನ ಈ ಕತ್ತರಿ ಬಿದ್ದ ಕಾಲವೂ ಗೋವೆಯಲ್ಲಿ ಸಾಮೂಹಿಕ ಜ್ಞಾನಸ್ನಾನಗಳು ನಡೆದ ಕಾಲವೂ ಒಂದೇ. 1558ರಿಂದ 1561ರವರೆಗೆ ವೈಸರಾಯ್ ಆಗಿದ್ದ ದೋಂ ಕೊನ್‌ಸ್ತಾಂತಿನೊ ದ ಬ್ರಗಾಂಸ ಅಂಥ ಸಮಾರಂಭಗಳಲ್ಲಿ ತಾನೇ ಜ್ಞಾನತಂದೆಯಾಗಿ ನಿಲ್ಲುತ್ತಿದ್ದ. ಟ್ರೆಂಟಿನ ನಿರ್ಣಯಗಳನ್ನು ಗೋವೆಗೆ ಅನ್ವಯಿಸಿದ್ದು 1567ರ ಪ್ರಾಂತೀಯ ಸಭೆ. ಮತಾಂತರಗೊಂಡವರು ಜ್ಞಾನತಂದೆಯ ಅಥವಾ ಸ್ನಾನ ಕೊಟ್ಟ ಪಾದ್ರಿಯ ಕುಲನಾಮವನ್ನು ತಾಳುವ ರೂಢಿ ಬೆಳೆಯಿತು. ಮುಂದೆ ದಕ್ಷಿಣ ಕನ್ನಡಕ್ಕೆ ಬಂದು ನೆಲೆಸಿದ ಕೊಂಕಣಿ ಕಥೋಲಿಕರ ಡಿಸೋಜ, ಪಿಂಟೊ, ಲೋಬೊಗಳ ಹಿಂದೆ ಈ ಚರಿತ್ರೆಯಿದೆ. ಪೋರ್ಚುಗೀಸಿನ ಪದ್ರಿನ್ಯು, ಮದ್ರಿನ್ಯಗಳು ಗೋವೆಯ ಕೊಂಕಣಿಯಲ್ಲಿ ಪಾದ್ರಿನ್, ಮಾದ್ರಿನ್ ಆದವು. ಆದರೆ ಆ ಹೊತ್ತಿನ ಪದ್ರಿನ್ಯು ನೆಂಟನಲ್ಲ, ಆಶ್ರಯದಾತ. ಅವನ ಹೆಸರು ಹೊತ್ತವನು ಅವನ ಮನೆಗೆ ಸೇರಲಿಲ್ಲ, ಅವನ ನೆರಳಿಗೆ ಸೇರಿದ. ನೀರು ಮಾಡಿದ ನಂಟಿನಲ್ಲಿ ಸಮಾನತೆ ಇರಲಿಲ್ಲ ಎಂಬುದಕ್ಕೆ ವೈಸರಾಯನ ಮಗಳನ್ನು ಅವನ ಜ್ಞಾನಪುತ್ರ ಎಂದೂ ಕೇಳಲಾರ ಎಂಬ ಒಂದು ಸಂಗತಿ ಸಾಕು.

ಘಟ್ಟದ ಮೇಲೆ ಕಥೆ ಬೇರೆ. 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕವನ್ನೂ ಒಂದು ವ್ಯಾಕರಣವನ್ನೂ ರಚಿಸಿದ; ಸನ್ಯಾಸಿಯ ವೇಷದಲ್ಲಿ ಬಾಳಿದ. ಇಲ್ಲಿ ಆಶ್ರಯ ಕೊಡಲು ವೈಸರಾಯ್ ಇರಲಿಲ್ಲ, ಹೊರಲು ಕುಲನಾಮ ಇರಲಿಲ್ಲ. ಬದಲಿಗೆ ಸಂತರ ಹೆಸರುಗಳು ಕನ್ನಡ ಮೈ ತಳೆದವು: ಇಗ್ನಾಸಿಯುಸ್ ಇನ್ನಾಸಪ್ಪನಾದ, ಶವೇರಿಯಾರ್ ಚೌರಪ್ಪನಾದ, ಅಂತೋನಿ ಅಂತೋಣಪ್ಪನಾದ. ತಮಿಳಿನಿಂದ ಬಂದ ರಾಯಪ್ಪ, ಚಿನ್ನಪ್ಪರು ಇನ್ನೂ ಸ್ವಾರಸ್ಯದವರು. ಪೇತ್ರನನ್ನು ರಾಯಪ್ಪ, ಪೌಲನನ್ನು ಚಿನ್ನಪ್ಪ ಎಂದದ್ದು ಧ್ವನಿಯ ಅನುಕರಣೆಯಲ್ಲ. ಪೌಲ ಎಂಬ ಲ್ಯಾಟಿನ್ ಹೆಸರಿನ ಅರ್ಥವೇ ಚಿಕ್ಕವನು. ಕರಾವಳಿಯ ಕಥೋಲಿಕನ ಹೆಸರಿನಲ್ಲಿ ಜ್ಞಾನತಂದೆಯ ಗುರುತು ಉಳಿದರೆ ಒಳನಾಡಿನವನ ಹೆಸರಿನಲ್ಲಿ ಜ್ಞಾನತಂದೆ ಅಳಿಸಿಹೋಗಿ ‘ಅಪ್ಪ’ ಎಂಬ ಕನ್ನಡ ಪ್ರತ್ಯಯ ಉಳಿಯಿತು. ಸಂತನೇ ಅಪ್ಪನಾದ ಮೇಲೆ ಜ್ಞಾನಾಪ್ಪನ ಹೆಸರು ಬೇಕಾಗಲಿಲ್ಲವೇನೊ.

ಈ ಒಳನಾಡಿನ ಮಿಷನ್ನುಗಳಲ್ಲಿ ಜ್ಞಾನಸ್ನಾನದ ದೊಡ್ಡ ತೊಡಕು ಎಂಜಲು. ಆಗಿನ ರೋಮನ್ ವಿಧಿಯ ಪ್ರಕಾರ ಗುರುವು ಮಗುವಿನ ಮುಖಕ್ಕೆ ಉಸಿರೂದುತ್ತಿದ್ದ, ನಾಲಿಗೆಯ ಮೇಲೆ ಉಪ್ಪು ಇಡುತ್ತಿದ್ದ, ತನ್ನ ಉಗುಳನ್ನು ಬೆರಳಿಗೆ ತೆಗೆದುಕೊಂಡು ಮಗುವಿನ ಕಿವಿ ಮೂಗುಗಳನ್ನು ಮುಟ್ಟುತ್ತಿದ್ದ. ಯೇಸು ಕಿವುಡ ಮೂಗನನ್ನು ಗುಣಪಡಿಸಿದ ಪ್ರಸಂಗದ ಅನುಕರಣೆಯದು. ಕನ್ನಡದಲ್ಲಿ ಎಂಜಲು ಎಂಬ ಒಂದೇ ಪದ ಉಗುಳು, ಉಂಡುಳಿದದ್ದು, ಮೈಲಿಗೆ ಮೂರನ್ನೂ ಸೂಚಿಸುತ್ತದೆ. ಮೇಲ್ಜಾತಿಯ ಮನೆಯವರು ಇದನ್ನು ಶುದ್ಧಿಯೆಂದು ಒಪ್ಪುವುದು ಹೇಗೆ? ಮಿಷನರಿಗಳು ಇದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿದ್ದರು. ಪೋಪರ ಪ್ರತಿನಿಧಿಯಾಗಿ ಪುದುಚೇರಿಗೆ ಬಂದ ತೂರ್ನೋನ್ 1704ರಲ್ಲಿ ಮಧುರೆ, ಮೈಸೂರು ಮತ್ತು ಕರ್ನಾಟಿಕ್ ಮಿಷನ್ನುಗಳಿಗೆ ಕಳಿಸಿದ ಆಜ್ಞೆಯ ಆರಂಭದಲ್ಲೇ ಈ ವಿಷಯವಿದೆ: ಉಗುಳು, ಉಪ್ಪು, ಉಸಿರು ಯಾವುದನ್ನೂ ಬಿಡಕೂಡದು, ಹೆಸರು ರೋಮಿನ ಸಂತರ ಪಟ್ಟಿಯಿಂದಲೇ ಇರಬೇಕು, ಮಕ್ಕಳ ಸ್ನಾನವನ್ನು ಮುಂದೂಡಬಾರದು, ಕಾಯಿಲೆ ಬಿದ್ದ ಹೊಲೆಯರ ಗುಡಿಸಿಲಿಗೆ ಹೋಗಿ ಸಂಸ್ಕಾರ ನೀಡಲು ಹಿಂಜರಿಯಬಾರದು. ನಡುವೆ ಕೆಲವು ತಾತ್ಕಾಲಿಕ ರಿಯಾಯಿತಿಗಳು ಬಂದು ಹೋದವು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರ ಶಾಸನ ವಿವಾದಕ್ಕೆ ತೆರೆಯೆಳೆಯಿತು. ಮಿಷನರಿಗಳು ಈ ಕುರಿತು ಮಾಡಬೇಕಿದ್ದ ಪ್ರಮಾಣವನ್ನು ರೋಮ್ ಕೈಬಿಟ್ಟದ್ದು 1940ರಲ್ಲಿ. ಮಲಬಾರ್ ವಿಧಿಗಳ ವಿವಾದವೆಂದು ಹೆಸರಾದ ಈ ಜಗಳವನ್ನು ಸಾಮಾನ್ಯವಾಗಿ ಜನಿವಾರ, ತಿಲಕಗಳ ಜಗಳವೆಂದು ಬರೆಯಲಾಗುತ್ತದೆ. ಅದು ಅಷ್ಟೇ ಪ್ರಮಾಣದಲ್ಲಿ ಹಸುಗೂಸಿನ ಕಿವಿಯನ್ನು ಮುಟ್ಟಬಹುದಾದ ದ್ರವದ ಜಗಳವಾಗಿತ್ತು.

ಮುಟ್ಟುವುದು ಎಂಬ ಮಾತು ಇಲ್ಲಿ ಮುಖ್ಯ. ಹಳೆಯ ಚರ್ಚ್ ಕಾನೂನಿನಲ್ಲಿ ಜ್ಞಾನತಂದೆಯಾಗಲು ಬರಿಯ ಒಪ್ಪಿಗೆ ಸಾಲದು. ನೀರು ಬೀಳುವಾಗ ಅವನು ಮಗುವನ್ನು ಹಿಡಿದಿರಬೇಕು, ಇಲ್ಲವೆ ಮುಟ್ಟಿರಬೇಕು, ಇಲ್ಲವೆ ಗುರುವಿನ ಕೈಯಿಂದ ಕೂಡಲೇ ಎತ್ತಿಕೊಳ್ಳಬೇಕು. ತಾನು ಬರಲಾಗದಿದ್ದರೆ ತನ್ನ ಪರವಾಗಿ ಇನ್ನೊಬ್ಬನಿಂದ ಮುಟ್ಟಿಸಬೇಕು. ಲ್ಯಾಟಿನಿನಲ್ಲಿ ಈ ಕ್ರಿಯೆಯ ಹೆಸರೇ ‘ಎತ್ತು’ ಎಂದು. ಸ್ಪರ್ಶವೇ ನಂಟಿನ ಕಾರಣ. ಸ್ಪರ್ಶದ ಮೇಲೆಯೇ ಕಟ್ಟಿದ ಜಾತಿವ್ಯವಸ್ಥೆಯಲ್ಲಿ ಈ ನಿಯಮ ಎರಡಲಗಿನ ಕತ್ತಿ. ಮಗುವನ್ನು ಬೇರೆ ಜಾತಿಯ ತೋಳಿನಲ್ಲಿ ಇಡುವ ಅವಕಾಶ ಅದರಲ್ಲಿತ್ತು. ಹಾಗೆ ಇಡಬೇಕೆಂಬ ಒತ್ತಾಯ ಇರಲಿಲ್ಲ. ಅವಕಾಶವನ್ನು ಬಿಟ್ಟು ಜನರು ತಮ್ಮವರನ್ನೇ ಆರಿಸಿಕೊಂಡರು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ಬಹುಕಾಲ ಕೆಲಸ ಮಾಡಿ 1823ರಲ್ಲಿ ಫ್ರಾನ್ಸಿಗೆ ಮರಳಿದ ಅಬ್ಬೆ ದ್ಯುಬುವಾ ತನ್ನ ಪತ್ರಗಳಲ್ಲಿ, ಅಷ್ಟು ವರ್ಷಗಳಲ್ಲಿ ತಾನು ಕ್ರೈಸ್ತರನ್ನಾಗಿ ಮಾಡಿದವರು ಇನ್ನೂರು ಮುನ್ನೂರು ಜನ ಮಾತ್ರವೆಂದೂ ಅವರಲ್ಲಿ ಬಹುಪಾಲು ಅಸ್ಪೃಶ್ಯರು, ಭಿಕ್ಷುಕರೆಂದೂ ಕಹಿಯಾಗಿ ಹೇಳಿಕೊಂಡಿದ್ದಾನೆ. ಆ ಕಹಿಯಲ್ಲಿ ದ್ಯುಬುವಾನ ಜಾತಿದೃಷ್ಟಿಯೂ ಬೆರೆತಿದೆ ಎಂಬುದನ್ನು ಓದುಗರು ಮರೆಯಬಾರದು.

ವಚನ ಪರಂಪರೆಯನ್ನು ಬಲ್ಲವರಿಗೆ ಇದು ಹೊಸ ಕಥೆಯಲ್ಲ. ದೀಕ್ಷೆ ಪಡೆದವನು ‘ಗುರುಕರಜಾತ’, ಗುರುವಿನ ಕೈಯಲ್ಲಿ ಹುಟ್ಟಿದವನು. ಅವನ ಪೂರ್ವಾಶ್ರಯವನ್ನು ಕೇಳುವುದು ಅಪಚಾರ. ನೀರಿನಿಂದ ಹುಟ್ಟಿದವನಿಗೂ ಹಳೆಯ ಹುಟ್ಟಿಲ್ಲ ಎಂದು ಕ್ರೈಸ್ತ ಸಿದ್ಧಾಂತ ಹೇಳುತ್ತದೆ. ಎರಡೂ ಕಡೆ ಹುಟ್ಟಿನ ರೂಪಕವೇ ಜಾತಿಯ ಹುಟ್ಟನ್ನು ಅಳಿಸಬೇಕಾಗಿತ್ತು. ಎರಡೂ ಕಡೆ ಅದು ಮದುವೆಯ ಚಪ್ಪರದ ಹೊರಗೇ ನಿಂತಿತು. ಸ್ವಾತಂತ್ರ್ಯದ ನಂತರ ಇದಕ್ಕೊಂದು ವಿಚಿತ್ರ ತಿರುವು ಸಿಕ್ಕಿತು. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗೆ ಸೀಮಿತವಾಗಿ, ಮುಂದೆ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತ ದಲಿತರು ಹೊರಗುಳಿದರು. ನೀರು ಜಾತಿಯನ್ನು ತೊಳೆಯಿತೆಂದು ಸಮಾಜ ನಂಬಲಿಲ್ಲ, ಕಾನೂನು ಮಾತ್ರ ನಂಬಿತು.

ಈಗ ನೆಂಟಸ್ತಿಕೆಗೆ ಬರಬೇಕು. ಕನ್ನಡದ ಬಂಧುವಾಚಕಗಳಲ್ಲಿ ‘ಮಾವ’ ಎಂದರೆ ತಾಯಿಯ ಸೋದರ, ಸೋದರತ್ತೆಯ ಗಂಡ, ಹೆಂಡತಿಯ ಇ‌ಲ್ಲವೆ ಗಂಡನ ತಂದೆ. ‘ಅತ್ತೆ’ಯೂ ಹಾಗೆಯೇ. ಈ ಪದಗಳ ಒಳಗೆ ಮದುವೆಯ ನಿಯಮ ಅಡಗಿದೆ: ಸೋದರಮಾವನ ಮಗಳು, ಸೋದರತ್ತೆಯ ಮಗಳು ಹೆಂಡತಿಯಾಗಬಲ್ಲವರು, ಚಿಕ್ಕಪ್ಪನ ಮಗಳು, ಚಿಕ್ಕಮ್ಮನ ಮಗಳು ತಂಗಿಯರು. ಅಕ್ಕನ ಮಗಳನ್ನು ಸೋದರಮಾವ ತಾನೇ ಮದುವೆಯಾಗುವುದೂ ಉಂಟು. ಇರಾವತಿ ಕರ್ವೆ 1953ರ ತಮ್ಮ ಗ್ರಂಥದಲ್ಲಿ ಮಹಾರಾಷ್ಟ್ರವನ್ನು ಉತ್ತರ ದಕ್ಷಿಣಗಳ ನಡುವಿನ ವಲಯವೆಂದು ಗುರುತಿಸಿದ್ದಾರೆ. ಅಲ್ಲಿ ಮಾವನ ಮಗಳು ಒಪ್ಪಿತ, ಅಕ್ಕನ ಮಗಳು ನಿಷಿದ್ಧ. ಜತ್ತದಂಥ ಸೀಮೆಯಲ್ಲಿ ಕನ್ನಡ ಮನೆ ಮತ್ತು ಮರಾಠಿ ಮನೆಗಳು ಗೋಡೆಗೆ ಗೋಡೆ ಹೊಂದಿಕೊಂಡಿದ್ದರೂ ಅಕ್ಕನ ಮಗಳ ವಿಷಯದಲ್ಲಿ ಎರಡು ಲೋಕ.

ಚರ್ಚಿನ ಕಾನೂನಿಗೆ ಈ ಭೇದವೇ ತಿಳಿಯದು. ಅದರ ಲೆಕ್ಕದಲ್ಲಿ ಸೋದರಮಾವನ ಮಗಳೂ ಚಿಕ್ಕಪ್ಪನ ಮಗಳೂ ಒಂದೇ ಮೆಟ್ಟಿಲಿನ ರಕ್ತಸಂಬಂಧಿಗಳು, ಇಬ್ಬರೂ ನಿಷಿದ್ಧರು. ವಿನಾಯಿತಿ ಕೊಡುವ ಅಧಿಕಾರ ಮಿಷನ್ನುಗಳ ಮೇಲಾಳುಗಳಿಗೆ ಇದ್ದುದರಿಂದ ಬದುಕು ಸಾಗಿತು. ಆದರೆ ಜ್ಞಾನತಂದೆಯ ನಂಟು ಇದರ ಮೇಲೆ ಇನ್ನೊಂದು ಪದರವನ್ನು ಹಾಕಿತು. ಕಿವಿ ಚುಚ್ಚುವಾಗ, ಜವಳ ತೆಗೆಯುವಾಗ ಕನ್ನಡದ ಮಗು ಕೂರುವುದು ಸೋದರಮಾವನ ತೊಡೆಯ ಮೇಲೆ. ನೀರಿನ ತೊಟ್ಟಿಯ ಬಳಿ ಮಗುವನ್ನು ಹಿಡಿಯಲು ಅವನಿಗಿಂತ ಸಹಜವಾದ ವ್ಯಕ್ತಿ ಯಾರು? ಹಿಡಿದದ್ದು ಅಕ್ಕನ ಮಗಳನ್ನಾದರೆ ಅವನು ಆ ಕ್ಷಣದಲ್ಲಿ ಅವಳಿಗೆ ತಂದೆಯಾದ. ಮುಂದೆ ಗಂಡನಾಗುವ ದಾರಿ ರಕ್ತದ ಕಾರಣಕ್ಕೆ ಒಮ್ಮೆ, ನೀರಿನ ಕಾರಣಕ್ಕೆ ಇನ್ನೊಮ್ಮೆ ಮುಚ್ಚಿತು. ಅವನ ಮಗನಿಗೆ ಮಾತ್ರ ನೀರಿನ ತಡೆ ಇಲ್ಲ, ಏಕೆಂದರೆ ಜ್ಞಾನತಂದೆಯ ಮಕ್ಕಳು ಆತ್ಮಿಕ ಸೋದರರೆಂಬ ಹಳೆಯ ನಿಯಮವನ್ನು ಟ್ರೆಂಟ್ ಆಗಲೇ ತೆಗೆದುಹಾಕಿತ್ತು. ಆ ನಿಯಮ ಉಳಿದಿದ್ದರೆ ಸೋದರಮಾವನನ್ನು ಜ್ಞಾನತಂದೆ ಮಾಡಿದ ಪ್ರತಿಯೊಂದು ಮನೆಯೂ ತನ್ನ ಮೊದಲ ಆಯ್ಕೆಯ ಅಳಿಯನನ್ನು ಕಳೆದುಕೊಳ್ಳುತ್ತಿತ್ತು. ಯೂರೋಪಿನ ಹಳ್ಳಿಗಳ ಗೊಂದಲ ನಿವಾರಿಸಲು ಮಾಡಿದ ತಿದ್ದುಪಡಿ ತನಗೆ ಗೊತ್ತಿಲ್ಲದೆಯೇ ದ್ರಾವಿಡ ನೆಂಟಸ್ತಿಕೆಗೆ ಉಸಿರಾಡಲು ಜಾಗ ಬಿಟ್ಟಿತು.

ಇದಕ್ಕಿಂತ ಕಠಿಣವಾದದ್ದು ಚಿಕ್ಕಮ್ಮನ ಪ್ರಸಂಗ. ಬಾಣಂತಿ ಸಾವುಗಳು ಸಾಮಾನ್ಯವಾಗಿದ್ದ ಕಾಲದಲ್ಲಿ ತಾಯಿಯಿಲ್ಲದ ಕೂಸಿಗೆ ಅವಳ ತಂಗಿಯನ್ನೇ ತಾಯಿಯಾಗಿ ತರುವುದು, ಅಂದರೆ ಅಳಿಯನಿಗೆ ಎರಡನೆಯ ಮಗಳನ್ನು ಕೊಡುವುದು, ಈ ನಾಡಿನ ಎಷ್ಟೋ ಜಾತಿಗಳಲ್ಲಿ ಕರುಣೆಯ ಕ್ರಮವೆನಿಸಿತ್ತು. ಜ್ಞಾನತಾಯಿಯ ಸ್ಥಾನಕ್ಕೆ ಚಿಕ್ಕಮ್ಮ ಎಲ್ಲ ರೀತಿಯಿಂದ ತಕ್ಕವಳು. ಪದವೇ ಅವಳನ್ನು ಚಿಕ್ಕ ತಾಯಿ ಎನ್ನುತ್ತದೆ. ಆದರೆ ಟ್ರೆಂಟಿನ ಪ್ರಕಾರ ಜ್ಞಾನತಾಯಿಗೂ ಮಗುವಿನ ತಂದೆಗೂ ಆತ್ಮಿಕ ನಂಟುಂಟು. ಮಗುವಿಗೆ ತಾಯಿಯಾಗುತ್ತೇನೆಂದು ದೇವರ ಮುಂದೆ ಮಾತು ಕೊಟ್ಟ ಕಾರಣಕ್ಕೇ ಅವಳು ಆ ಮಗುವಿಗೆ ಮನೆಯಲ್ಲಿ ತಾಯಿಯಾಗಲು ಅಡ್ಡಿ ಬಂತು. ಹೆಂಡತಿಯ ತಂಗಿಯೆಂಬ ಬೀಗತನದ ತಡೆ ಹೇಗೂ ಇತ್ತು. ಇದು ಅದರ ಮೇಲಿನ ಎರಡನೆಯ ತಡೆ. 1917ರಲ್ಲಿ ಪ್ರಕಟವಾಗಿ ಮರುವರ್ಷ ಜಾರಿಗೆ ಬಂದ ಚರ್ಚ್ ಕಾನೂನಿನ ಸಂಹಿತೆ ತಂದೆ ತಾಯಿಯರೊಡನೆಯ ನಂಟನ್ನು ಕೈಬಿಟ್ಟು, ಮಗುವಿನೊಡನೆಯದನ್ನು ಮಾತ್ರ ಉಳಿಸಿಕೊಂಡಾಗ ಈ ಕಟ್ಟು ಸಡಿಲವಾಯಿತು.

ಲ್ಯಾಟಿನ್ ಅಮೆರಿಕದ ಹಳ್ಳಿಗಳನ್ನು ಕುರಿತು ಸಿಡ್ನಿ ಮಿಂಟ್ಸ್ ಮತ್ತು ಎರಿಕ್ ವುಲ್ಫ್ 1950ರಲ್ಲಿ ಬರೆದ ಪ್ರಸಿದ್ಧ ಲೇಖನ, ಅಲ್ಲಿ ಜ್ಞಾನತಂದೆ ಮತ್ತು ಮಗುವಿನ ನಂಟಿಗಿಂತ ಜ್ಞಾನತಂದೆ ಮತ್ತು ಹೆತ್ತವರ ನಂಟೇ ಬಲವಾಗಿ ಬೆಳೆದದ್ದನ್ನು ತೋರಿಸುತ್ತದೆ. ಒಂದು ಮಗುವಿನ ಮೂಲಕ ಎರಡು ಮನೆಯ ಹಿರಿಯರು ಒಬ್ಬರಿಗೊಬ್ಬರು ‘ಕೊಂಪಾದ್ರೆ’ಗಳಾಗುತ್ತಾರೆ, ಸಾಲ, ಕೆಲಸ, ಕಷ್ಟಸುಖ ಎಲ್ಲಕ್ಕೂ ಆ ನಂಟು ಒದಗುತ್ತದೆ. ಕನ್ನಡ ಕಥೋಲಿಕರಲ್ಲಿ ಇದಕ್ಕೆ ಸಮನಾದ ಪದವಾಗಲಿ ಸಂಸ್ಥೆಯಾಗಲಿ ಅಷ್ಟು ಗಟ್ಟಿಯಾಗಿ ಬೇರೂರಲಿಲ್ಲ. ಕಾರಣವನ್ನು ದೂರ ಹುಡುಕಬೇಕಿಲ್ಲ. ಮಕ್ಕಳ ಮೂಲಕ ಎರಡು ಮನೆಯ ಹಿರಿಯರನ್ನು ಕಟ್ಟುವ ನಂಟಿಗೆ ಕನ್ನಡದಲ್ಲಿ ಮೊದಲೇ ‘ಬೀಗರು’ ಎಂಬ ಪದವಿತ್ತು, ಅದಕ್ಕೆ ತಕ್ಕ ಮರ್ಯಾದೆ, ಮುನಿಸು, ಊಟೋಪಚಾರಗಳಿದ್ದವು. ಜಾಗ ಭರ್ತಿಯಾಗಿತ್ತು. ಆದ್ದರಿಂದ ಇಲ್ಲಿ ಜ್ಞಾನತಂದೆ ಹೊಸ ನೆಂಟನನ್ನು ತರುವ ಬದಲು ಇರುವ ನೆಂಟನಿಗೆ ಇನ್ನೊಂದು ಬಿರುದು ಕೊಟ್ಟ. ಕರಾವಳಿಯ ಕುಟುಂಬಗಳಲ್ಲಿ ತಂದೆಯ ಕಡೆಯಿಂದ ಒಬ್ಬರು, ತಾಯಿಯ ಕಡೆಯಿಂದ ಒಬ್ಬರು ಎಂದು ತೂಗಿ ಆರಿಸುವ ರೂಢಿಯೂ ಬೀಗರ ನಡುವಿನ ಸಮತೋಲನವೇ ಹೊರತು ಬೇರೇನಲ್ಲ.

ಆದರೆ ಇರುವ ನೆಂಟರೇ ಇಲ್ಲದವರಿಗೆ? 1876-78ರ ಮಹಾಕ್ಷಾಮ ಮೈಸೂರು ಮತ್ತು ಮುಂಬಯಿ ಕರ್ನಾಟಕದ ಜಿಲ್ಲೆಗಳನ್ನು ಬರಿದು ಮಾಡಿತು. ಫ್ರೆಂಚ್ ಮಿಷನರಿಗಳು ಅನಾಥ ಮಕ್ಕಳನ್ನು ಸಾಕಿ, ದೊಡ್ಡವರಾದ ಮೇಲೆ ಅವರಿಗಾಗಿ ಹಳ್ಳಿ ಕಟ್ಟಿದರು. ಬೆಂಗಳೂರಿನ ಉತ್ತರಕ್ಕಿರುವ ಶಿಲುವೆಪುರ ಅಂಥದು. ಇಂಥ ಮಗುವಿನ ಜ್ಞಾನಸ್ನಾನವನ್ನು ದಾಖಲಿಸುವ ಪುಸ್ತಕದಲ್ಲಿ ತಾರೀಖು, ಹೆಸರು, ತಂದೆ, ತಾಯಿ, ಜ್ಞಾನತಂದೆ, ಜ್ಞಾನತಾಯಿ, ಸ್ನಾನ ಕೊಟ್ಟವರು ಎಂಬ ಅಂಕಣಗಳಿರುತ್ತವೆ. ಹೆತ್ತವರ ಅಂಕಣ ಖಾಲಿಯಾದಾಗ ಮಗುವಿನ ಪಕ್ಕದಲ್ಲಿ ಬರೆಯಬಹುದಾದ ದೊಡ್ಡವರ ಹೆಸರು ಜ್ಞಾನತಂದೆ ತಾಯಿಯರದು ಮಾತ್ರ. ಆಗಸ್ಟೀನ್ ಕಂಡ ಉತ್ತರ ಆಫ್ರಿಕದ ದಿಕ್ಕಿಲ್ಲದ ಕೂಸುಗಳ ದೃಶ್ಯ ಹದಿನಾಲ್ಕೂವರೆ ಶತಮಾನಗಳ ನಂತರ ಕನ್ನಡ ನೆಲದಲ್ಲಿ ಮರುಕಳಿಸಿತು. ಬೀಗತನದ ಭಾರವಿಲ್ಲದ, ಆಶ್ರಯದಾತನ ಕುಲನಾಮವಿಲ್ಲದ ಈ ಬರಿಯ ಜಾಮೀನಿನಲ್ಲೇ ಆ ಸ್ಥಾನದ ಮೂಲ ಅರ್ಥ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಸಾಯುವ ಅಂಚಿನಲ್ಲಿದ್ದ ಮಕ್ಕಳಿಗೆ ಜಾಮೀನೂ ಬೇಕಿರಲಿಲ್ಲ, ಗುರುವೂ ಬೇಕಿರಲಿಲ್ಲ. ಅಪಾಯದಲ್ಲಿ ಯಾರು ಬೇಕಾದರೂ ಸ್ನಾನ ಕೊಡಬಹುದು. 1614ರ ರೋಮನ್ ವಿಧಿಗ್ರಂಥ ಇದನ್ನು ಸರಿಯಾಗಿ ಮಾಡುವ ಕ್ರಮವನ್ನು ವಿಶೇಷವಾಗಿ ಸೂಲಗಿತ್ತಿಯರಿಗೆ ಕಲಿಸಿಡಬೇಕೆಂದು ಗುರುಗಳಿಗೆ ಹೇಳಿತ್ತು. ಮಗು ಉಳಿದರೆ, ಟ್ರೆಂಟಿನ ನಿಯಮದಂತೆ, ಸೂಲಗಿತ್ತಿಯೂ ಅದರ ನೆಂಟಳೇ.

ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಚಿತ್ರ ಬದಲಾಯಿತು. ಹಳೆಯ ಕ್ರಮದಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವನ್ನು ಇಗರ್ಜಿಗೆ ಒಯ್ಯುತ್ತಿದ್ದರು. ತಾಯಿ ಇನ್ನೂ ಹಾಸಿಗೆಯಲ್ಲಿ. ಸೈತಾನನನ್ನು ನಿರಾಕರಿಸುತ್ತೀಯಾ ಎಂಬ ಪ್ರಶ್ನೆಗೆ ಮಗುವಿನ ಪರವಾಗಿ ಉತ್ತರ ಹೇಳುವವನು ಜ್ಞಾನತಂದೆ. 1969ರ ಹೊಸ ವಿಧಿಯಲ್ಲಿ ಪ್ರಶ್ನೆ ಕೇಳುವುದು ತಂದೆ ತಾಯಿಗೆ; ಜ್ಞಾನತಂದೆ ಪಕ್ಕಕ್ಕೆ ಸರಿದು ಸಹಾಯಕನಾದ. ಉಪ್ಪು ಹೋಯಿತು, ಉಸಿರು ಹೋಯಿತು, ಉಗುಳೂ ಹೋಯಿತು. ಕಿವಿ ಬಾಯಿ ಮುಟ್ಟುವ ಕ್ರಿಯೆ ಐಚ್ಛಿಕವಾಗಿ ಒಣ ಬೆರಳಿನಲ್ಲಿ ಉಳಿಯಿತು. 1704ರಲ್ಲಿ ಮೈಸೂರಿನ ಮಿಷನರಿಗಳು ಯಾವುದನ್ನು ಬಿಟ್ಟದ್ದಕ್ಕಾಗಿ ಛೀಮಾರಿಗೆ ಗುರಿಯಾದರೊ ಅದನ್ನು ಜಗತ್ತಿನ ಕಥೋಲಿಕರೆಲ್ಲ 265 ವರ್ಷಗಳ ನಂತರ ಬಿಟ್ಟರು. ಜಾತಿಯ ಕಾರಣಕ್ಕಲ್ಲ ನಿಜ. ಬಿಟ್ಟದ್ದು ಮಾತ್ರ ಅದನ್ನೇ. ಇದೇ ಹೊತ್ತಿಗೆ ಲ್ಯಾಟಿನ್ ಹೋಗಿ ಕನ್ನಡ ಬಂತು. ಈ ಮಗುವಿಗೆ ಏನು ಹೆಸರಿಡುತ್ತೀರಿ ಎಂಬ ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ಕೇಳಿಸಿಕೊಂಡು ತಮ್ಮ ಮಾತಿನಲ್ಲಿ ಉತ್ತರಿಸುವುದು ಕನ್ನಡ ಕುಟುಂಬಗಳಿಗೆ ಸಾಧ್ಯವಾಯಿತು. ಮರಾಠಿ ಧರ್ಮಪ್ರಾಂತ್ಯದಲ್ಲಿರುವ ಕನ್ನಡ ಮನೆಗೆ ಆ ಪ್ರಶ್ನೆ ಇನ್ನೂ ನೆರೆಯವರ ಭಾಷೆಯಲ್ಲೇ ಬರಬಹುದು.

1983ರ ಸಂಹಿತೆ ಜ್ಞಾನತಂದೆಗೆ ಕೆಲವು ಅರ್ಹತೆಗಳನ್ನು ಹೇಳುತ್ತದೆ: ಹದಿನಾರು ವರ್ಷ ತುಂಬಿರಬೇಕು, ದೃಢೀಕರಣ ಪಡೆದ ಕಥೋಲಿಕನಾಗಿರಬೇಕು, ಮಗುವಿನ ತಂದೆ ತಾಯಿ ಆಗಿರಬಾರದು. ಮದುವೆಯ ತಡೆಗಳ ಪಟ್ಟಿಯಿಂದ ಆತ್ಮಿಕ ನಂಟು ಮಾಯವಾಗಿದೆ. ರಕ್ತದ ತಡೆ ಹಾಗೆಯೇ ಇದೆ. ಸೋದರತ್ತೆಯ ಮಗನನ್ನು ಮದುವೆಯಾಗುವವಳು ಇಂದಿಗೂ ಬಿಷಪರಿಂದ ವಿನಾಯಿತಿ ಪತ್ರ ತರಬೇಕು. ನೀರು ಕಾನೂನಿನ ಮಟ್ಟಿಗೆ ನೆತ್ತರಾಗುವುದನ್ನು ನಿಲ್ಲಿಸಿತು. ಆದರೆ ಈ ಮಾತು ಲ್ಯಾಟಿನ್ ವಿಧಿಯ ಕಥೋಲಿಕರಿಗೆ ಮಾತ್ರ ಸಲ್ಲುತ್ತದೆ. 1990ರಲ್ಲಿ ಪ್ರಕಟವಾದ ಪೂರ್ವ ಸಭೆಗಳ ಸಂಹಿತೆ ಜ್ಞಾನತಂದೆಗೂ ಮಗುವಿಗೂ ಮಗುವಿನ ಹೆತ್ತವರಿಗೂ ನಡುವೆ ಮದುವೆ ಅಸಿಂಧುವೆಂಬ ತ್ರುಲ್ಲೊದ ಹಳೆಯ ನಿಯಮವನ್ನು ಉಳಿಸಿಕೊಂಡಿದೆ. ಕೇರಳದಿಂದ ಬಂದು ಕರ್ನಾಟಕದಲ್ಲಿ ನೆಲೆಸಿದ ಸೀರೊ ಮಲಬಾರ್ ಕಥೋಲಿಕರಿಗೆ ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ತಮ್ಮದೇ ಧರ್ಮಪ್ರಾಂತ್ಯಗಳಿವೆ. ಮಹಾರಾಷ್ಟ್ರದಲ್ಲಿರುವವರಲ್ಲಿ ಬಹಳಷ್ಟು ಮಂದಿ ಕಲ್ಯಾಣಕ್ಕೆ ಸೇರಿದವರು. ಬೆಳ್ತಂಗಡಿಯ ಒಂದೇ ಬೀದಿಯಲ್ಲಿ ಎರಡು ಇಗರ್ಜಿಗಳಿದ್ದರೆ, ಒಂದರಲ್ಲಿ ಅಕ್ಕನ ಮಗುವನ್ನು ನೀರಿನಿಂದ ಎತ್ತಿಕೊಂಡ ಚಿಕ್ಕಮ್ಮನಿಗೆ ಆ ಮಗುವಿನ ತಂದೆ ಕಾನೂನಿನ ಪ್ರಕಾರ ಆತ್ಮಿಕ ನೆಂಟ. ಇನ್ನೊಂದರಲ್ಲಿ ಅವನು ಬರಿಯ ಭಾವ.